ನೀಲಿ ಗುಳಿಗಿ ಮೈಗೆ ಹತ್ತೂದಿಲ್ಲೇನು? ಸಿರಸಂಗಿಯಿಂದ ಬಂದ ಒಂದು ವಾಯ್ಸ್ ನೋಟ್

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡ್ರಾ? ಬಸ್ಸಿನಲ್ಲಿ ಕೂತಿದ್ರೆ ಕಿಟಕಿ ಪಕ್ಕದ ಸೀಟು ಸಿಕ್ಕಿರಲಿ. ಇವತ್ತು ನೇರವಾಗಿ ಒಂದು ವಾಯ್ಸ್ ನೋಟ್‌ನಿಂದ ಶುರು ಮಾಡ್ತೀನಿ. ಕಳಿಸಿದ ಹುಡುಗಿ ಹೆಸರು ಬೇಡ ಅಂದಿದ್ದಾಳೆ, ಹಾಗಾಗಿ ಹೆಸರಿಲ್ಲ.

"ಅಕ್ಕಾರ, ನಮಸ್ಕಾರ ರೀ. ನಾನು ಸಿರಸಂಗಿಯಿಂದ ಮಾತಾಡಾಕತ್ತೇನಿ. ದಿನಾ ಸವದತ್ತಿಗೆ ಕಾಲೇಜಿಗೆ ಹೋಗಿ ಬರ್ತೀನಿ. ಮೊನ್ನೆ ರಕ್ತ ತಪಾಸಣಿ ಮಾಡಿದ್ರು, ನಂದು ಎಚ್‌ಬಿ ಒಂಬತ್ತೂವರಿ ಬಂತು. ನೀಲಿ ಗುಳಿಗಿ ಕೊಟ್ಟು ದಿನಕ್ಕ ಎರಡು ತಗೋ ಅಂದ್ರು. ನಾಕು ದಿನ ತಗೊಂಡೆ ರೀ, ಹೊಟ್ಟಿ ತೊಳಸಾಕ ಹತ್ತಿತು. ಮ್ಯಾಲ ಸಂಡಾಸ ಕರ್ರಗ ಆತು. ಹೆದರಿ ಬಿಟ್ಟುಬಿಟ್ಟೆ. ಈಗ ರೀಲ್ಸಿನ್ಯಾಗ ಒಬ್ರು ಹೇಳ್ತಾರ, ಸರ್ಕಾರಿ ಗುಳಿಗಿ ಮೈಗೆ ಹತ್ತೂದಿಲ್ಲ, ಬಿಸ್‌ಗ್ಲೈಸಿನೇಟ್ ತಗೋರಿ ಅಂತ. ಆ ಡಬ್ಬಿಗೆ ಎಂಟುನೂರು ರೂಪಾಯಿ. ಅಪ್ಪಗ ಹೆಂಗ ಕೇಳ್ಲಿ? ಮನ್ಯಾಗ ಅಕ್ಕ ಬಸುರಿ ಅದಾಳ, ಐದು ತಿಂಗಳು. ಅಕಿಗೂ ಅದನ್ನ ತರಸಬೇಕೇನು?"

ಸಿರಸಂಗಿ ಅಂದ್ರೆ ಕಾಳಿಕಾದೇವಿಯ ಊರು. ವಿಶ್ವಕರ್ಮರ ದೇವತೆ, ಕಮ್ಮಾರರು ನಡಕೊಳ್ಳುವ ದೇವತೆ. ಕಬ್ಬಿಣ ಕಾಸಿ ಬಡಿಯುವವರ ದೇವಿ ಇರುವ ಊರಿನಿಂದಲೇ ಕಬ್ಬಿಣದ ಪ್ರಶ್ನೆ ಬಂದಿದೆ ಅಂತ ನಾನು ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯ್ತು. ಯಾಕಂದ್ರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 47.8% ಮಂದಿಗೆ ರಕ್ತಹೀನತೆ ಇದೆ. ಇಡೀ ದೇಶದ ಲೆಕ್ಕ 57%. ನಿಮ್ಮ ಬಸ್ಸಿನ ಲೇಡೀಸ್ ಸೀಟಿನಲ್ಲಿ ಇಬ್ಬರು ಕೂತಿದ್ರೆ, ಹೆಚ್ಚುಕಡಿಮೆ ಅವರಲ್ಲಿ ಒಬ್ಬರು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಆದ್ರೆ ಈ ರೀಲ್ಸ್‌ನವರು ಹೇಳೋದ್ರಲ್ಲಿ ಎಷ್ಟು ನಿಜ, ಎಷ್ಟು ಅಂಗಡಿ ಅಂತ ಬಿಡಿಸಿ ನೋಡೋಕೆ ಡಾಕ್ಟರೇ ಆಗಬೇಕಿಲ್ಲ.

ಮೊದಲು ಆ ಡಬ್ಬಿ ಮೇಲಿನ ಹೆಸರುಗಳನ್ನ ನೋಡೋಣ. ಕಬ್ಬಿಣವನ್ನ ಬರೀ ಕಬ್ಬಿಣವಾಗಿ ಗುಳಿಗೆ ಮಾಡೋದು ಕಡಿಮೆ. ಅದನ್ನ ಬೇರೆ ಯಾವುದಾದರೂ ಒಂದರ ಜೊತೆ ಕಟ್ಟಿ ಲವಣ ಮಾಡ್ತಾರೆ. ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಗ್ಲುಕೊನೇಟ್, ಫೆರಸ್ ಆಸ್ಕಾರ್ಬೇಟ್, ಫೆರಸ್ ಬಿಸ್‌ಗ್ಲೈಸಿನೇಟ್, ಇವೆಲ್ಲ ಆ ಜೋಡಿಗಳ ಹೆಸರು. ಇಲ್ಲೇ ಮೊದಲ ಗೊಂದಲ. ಒಂದು ಕಿಲೋ ಸೇಂಗಾ ಬುಡ್ಡಿ ತಂದರೆ ಒಂದು ಕಿಲೋ ಕಾಳು ಸಿಗುತ್ತಾ? ಇಲ್ಲ, ಸಿಪ್ಪೆ ತೂಕವೂ ಅದರೊಳಗೇ ಇರುತ್ತೆ. ಹಾಗೇ 200 ಮಿಲಿಗ್ರಾಂ ಒಣ ಫೆರಸ್ ಸಲ್ಫೇಟ್ ಅಂದ್ರೆ ಅದರಲ್ಲಿ ಕಬ್ಬಿಣ ಇರೋದು ಸುಮಾರು 65 ಮಿಲಿಗ್ರಾಂ. ಫ್ಯೂಮರೇಟ್‌ನಲ್ಲಿ ತೂಕದ ಮೂರನೇ ಒಂದು ಪಾಲು ಕಬ್ಬಿಣ. ಗ್ಲುಕೊನೇಟ್‌ನಲ್ಲಿ ಬರೀ 12% ಆಸುಪಾಸು. ಬಿಸ್‌ಗ್ಲೈಸಿನೇಟ್‌ನಲ್ಲಿ ಸುಮಾರು 20%. ಆದ್ದರಿಂದ ಡಬ್ಬಿ ತಿರುಗಿಸಿ, ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್ ಐರನ್' ಎಷ್ಟು ಅಂತ ಓದಿ. ಅದು ಕಾಳಿನ ತೂಕ. ಮುಂದೆ ದೊಡ್ಡದಾಗಿ ಬರೆದಿರೋದು ಎಷ್ಟೋ ಸಲ ಬುಡ್ಡಿ ತೂಕ.

ಸರ್ಕಾರದ ಗುಳಿಗೆಯಲ್ಲಿ ಈ ಗೊಂದಲ ಇಲ್ಲ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 10ರಿಂದ 19 ವಯಸ್ಸಿನವರಿಗೆ ನೀಲಿ ಗುಳಿಗೆ, ಗರ್ಭಿಣಿಯರಿಗೆ ಮತ್ತು ದೊಡ್ಡ ಹೆಣ್ಣುಮಕ್ಕಳಿಗೆ ಕೆಂಪು. ಬಣ್ಣ ಬೇರೆ, ಒಳಗಿರೋದು ಒಂದೇ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. 5ರಿಂದ 9 ವರ್ಷದ ಮಕ್ಕಳ ಗುಲಾಬಿ ಗುಳಿಗೆಯಲ್ಲಿ 45 ಮಿಲಿಗ್ರಾಂ. ರಕ್ತಹೀನತೆ ಬಾರದಿರಲಿ ಅಂತ ಕೊಡೋದಾದ್ರೆ ಹರೆಯದವರಿಗೆ ವಾರಕ್ಕೆ ಒಂದು. ನಮ್ಮ ಸಿರಸಂಗಿ ತಂಗಿಗೆ ಈಗಾಗಲೇ ಎಚ್‌ಬಿ 12ಕ್ಕಿಂತ ಕೆಳಗೆ, ಒಂಬತ್ತೂವರೆಗೆ ಬಂದಿದೆ, ಅದು ಮಧ್ಯಮ ಮಟ್ಟದ ರಕ್ತಹೀನತೆ. ಅದಕ್ಕೇ ದಿನಕ್ಕೆ ಎರಡು ಅಂದಿದ್ದಾರೆ. ಹೇಳಿದವರು ಸರಿಯಾಗೇ ಹೇಳಿದ್ದಾರೆ.

ಹಾಗಾದ್ರೆ 'ಮೈಗೆ ಹತ್ತೋದಿಲ್ಲ' ಅನ್ನೋ ಮಾತು? ಇದನ್ನ ಸ್ವಲ್ಪ ನಿಧಾನಕ್ಕೆ ನೋಡಬೇಕು.

ಕಬ್ಬಿಣ ರಕ್ತಕ್ಕೆ ಸೇರೋ ಬಾಗಿಲು ಇರೋದು ಸಣ್ಣ ಕರುಳಿನ ಮೊದಲ ತುಂಡಿನಲ್ಲಿ, ಹೊಟ್ಟೆ ದಾಟಿದ ಕೂಡಲೇ. ಆ ಬಾಗಿಲು ಫೆರಸ್ ರೂಪದ ಕಬ್ಬಿಣವನ್ನ ಸಲೀಸಾಗಿ ಬಿಡುತ್ತೆ. ಫೆರಿಕ್ ರೂಪದ್ದು ಬಂದ್ರೆ ಅದನ್ನ ಮೊದಲು ಫೆರಸ್ ಮಾಡಿಕೊಳ್ಳಬೇಕು. ಸಲ್ಫೇಟ್, ಫ್ಯೂಮರೇಟ್, ಗ್ಲುಕೊನೇಟ್ ಮೂರೂ ಫೆರಸ್. ಒಂದೇ ಅಳತೆಯ ಕಬ್ಬಿಣ ಕೊಟ್ಟರೆ ಮೂರೂ ಹೆಚ್ಚುಕಡಿಮೆ ಒಂದೇ ಥರ ಹೀರಲ್ಪಡುತ್ತವೆ. ಹೊಸ ಗುಳಿಗೆಗಳನ್ನ ಪರೀಕ್ಷೆ ಮಾಡುವಾಗ ಇವತ್ತಿಗೂ ಫೆರಸ್ ಸಲ್ಫೇಟ್ ಜೊತೆಗೇ ಹೋಲಿಸಿ ನೋಡ್ತಾರೆ. ಅಂದ್ರೆ ಅದೇ ಅಳತೆಗೋಲು. ಅಗ್ಗ ಅಂದ ಮಾತ್ರಕ್ಕೆ ಕಳಪೆ ಅಲ್ಲ.

ನಿಜವಾಗಿ ಕಡಿಮೆ ಹತ್ತೋ ಜಾತಿಗಳೂ ಇವೆ, ಆದ್ರೆ ರೀಲ್ಸ್‌ನವರು ಅವುಗಳ ಹೆಸರು ಹೇಳಲ್ಲ. ಒಂದು, ಐರನ್ ಪಾಲಿಮಾಲ್ಟೋಸ್. ಇದು ಫೆರಿಕ್. ಹೊಟ್ಟೆಗೆ ಹಿತ, ಬಾಯಲ್ಲಿ ಕಬ್ಬಿಣದ ರುಚಿ ಕಡಿಮೆ, ಸಿರಪ್ಪುಗಳಲ್ಲಿ ಹೆಚ್ಚು ಕಾಣುತ್ತೆ. ಆದ್ರೆ ಹೀರಿಕೆ ಕಡಿಮೆ, ಎಚ್‌ಬಿ ಏರೋದು ನಿಧಾನ. ಎರಡು, 'ನಿಧಾನವಾಗಿ ಕರಗುತ್ತೆ, ಹೊಟ್ಟೆಗೆ ತೊಂದರೆ ಇಲ್ಲ' ಅಂತ ಮೇಲೆ ವಿಶೇಷ ಲೇಪ ಹಾಕಿದ ಗುಳಿಗೆಗಳು. ಇವು ಕರಗೋ ಹೊತ್ತಿಗೆ ಆ ಬಾಗಿಲು ದಾಟಿ ಮುಂದೆ ಹೋಗಿರ್ತವೆ. ಸವದತ್ತಿಯಲ್ಲಿ ಇಳಿಯೋರು ನಿದ್ದೆ ಹೋಗಿ ಧಾರವಾಡದಲ್ಲಿ ಎದ್ದ ಹಾಗೆ.

ಇನ್ನು ಬಿಸ್‌ಗ್ಲೈಸಿನೇಟ್. ರೀಲ್ಸ್‌ನವರ ಮಾತು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಇದರಲ್ಲಿ ಒಂದು ಕಬ್ಬಿಣವನ್ನ ಎರಡು ಗ್ಲೈಸಿನ್‌ಗಳು ಹಿಡಕೊಂಡಿರ್ತವೆ. ಕಾಳುಕಡಿ, ಜೋಳದಲ್ಲಿರೋ ಫೈಟೇಟ್ ಅನ್ನೋ ವಸ್ತು ಕಬ್ಬಿಣವನ್ನ ಕಟ್ಟಿಹಾಕುತ್ತೆ. ಬಿಸ್‌ಗ್ಲೈಸಿನೇಟ್ ಅದಕ್ಕೆ ಅಷ್ಟು ಸುಲಭವಾಗಿ ಸಿಗೋದಿಲ್ಲ. ಹೊಟ್ಟೆ ತೊಳಸೋದೂ ಕಡಿಮೆ. ಡೆನ್ಮಾರ್ಕಿನಲ್ಲಿ ಗರ್ಭಿಣಿಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 25 ಮಿಲಿಗ್ರಾಂ ಬಿಸ್‌ಗ್ಲೈಸಿನೇಟ್ ಕಬ್ಬಿಣ 50 ಮಿಲಿಗ್ರಾಂ ಸಲ್ಫೇಟ್ ಕಬ್ಬಿಣದಷ್ಟೇ ಕೆಲಸ ಮಾಡಿತ್ತು. ಆದ್ರೆ ಅದು ರಕ್ತಹೀನತೆ ಬಾರದಂತೆ ತಡೆಯೋಕೆ ಕೊಟ್ಟದ್ದು. ಬಂದ ಮೇಲೆ ವಾಸಿ ಮಾಡೋ ಲೆಕ್ಕ ಬೇರೆ. ಆನ್‌ಲೈನ್ ಡಬ್ಬಿಗಳಲ್ಲಿ ಒಂದು ಗುಳಿಗೆಗೆ ಎಷ್ಟೋ ಸಲ 20-30 ಮಿಲಿಗ್ರಾಂ ಕಬ್ಬಿಣ ಇರುತ್ತೆ. ಎಚ್‌ಬಿ ಒಂಬತ್ತೂವರೆ ಇದ್ದೋಳು ದಿನಕ್ಕೊಂದು ಅದನ್ನ ನುಂಗಿ, 120 ಮಿಲಿಗ್ರಾಂ ಕೊಡೋ ಸರ್ಕಾರಿ ಗುಳಿಗೆ ಬಿಟ್ರೆ, ದುಡ್ಡು ಹೆಚ್ಚು ಕೊಟ್ಟು ಕಬ್ಬಿಣ ಕಡಿಮೆ ಪಡೆದ ಹಾಗೆ ಆಗಬಹುದು. ಸಲ್ಫೇಟ್ ಏನು ಮಾಡಿದ್ರೂ ಹೊಟ್ಟೆ ತಡಕೊಳ್ಳಲ್ಲ ಅನ್ನೋರಿಗೆ ಮಾತ್ರ ಇದು ಒಳ್ಳೆ ಎರಡನೇ ದಾರಿ. ಆಗಲೂ ಡೋಸು ಡಾಕ್ಟರ್ ಹೇಳಬೇಕು.

ಆ ಕರ್ರಗಿನ ಹೆದರಿಕೆಗೆ ಬರ್ತೀನಿ. ನುಂಗಿದ 60 ಮಿಲಿಗ್ರಾಂನಲ್ಲಿ ಮೈಗೆ ಸೇರೋದು ಐದನೇ ಒಂದು ಪಾಲು ಅಂತಿಟ್ಟುಕೊಳ್ಳಿ, ಹತ್ತು ಹನ್ನೆರಡು ಮಿಲಿಗ್ರಾಂ. ಉಳಿದದ್ದು ಕರುಳಿನಲ್ಲೇ ಸಾಗಿ ಹೊರಗೆ ಹೋಗುತ್ತೆ, ಹೋಗ್ತಾ ಕಪ್ಪು ಬಣ್ಣ ಕೊಡುತ್ತೆ. ಅದು ಗುಳಿಗೆ ಹೊಟ್ಟೆಗೆ ಹೋಗಿದೆ ಅನ್ನೋದರ ಗುರುತು, ರೋಗ ಅಲ್ಲ. ಡಾಂಬರಿನ ಥರ ಅಂಟಂಟು ಇದ್ದು, ಹೊಟ್ಟೆನೋವು, ತಲೆಸುತ್ತು ಕೂಡ ಇದ್ರೆ ಮಾತ್ರ ಅದು ಬೇರೆ ಕಥೆ, ತಕ್ಷಣ ತೋರಿಸಬೇಕು. ಗುಳಿಗೆ ಕೊಡೋವಾಗ ಈ ಎರಡು ವಾಕ್ಯ ಹೇಳಿದ್ದಿದ್ರೆ ಈ ತಂಗಿ ನಾಲ್ಕನೇ ದಿನಕ್ಕೆ ಬಿಡ್ತಿರಲಿಲ್ಲ. ಬಿಟ್ಟವರನ್ನ ಬೈಯೋರೇ ಜಾಸ್ತಿ, ಯಾಕೆ ಬಿಟ್ಟೆ ಅಂತ ಕೇಳೋರು ಕಡಿಮೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋ ಭಾಗ. ಯಾವ ಲವಣ ಅನ್ನೋದಕ್ಕಿಂತ, ಯಾವಾಗ ಮತ್ತು ಯಾತರ ಜೊತೆ ನುಂಗ್ತೀರಿ ಅನ್ನೋದು ದೊಡ್ಡದು.

ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಕಬ್ಬಿಣ ಕಡಿಮೆ ಇರುವ ಹೆಣ್ಣುಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿದ್ರು, 2023ರಲ್ಲಿ ಪ್ರಕಟವಾಯ್ತು. ಅದೇ ಗುಳಿಗೆ, ಅದೇ ಜನ, ಜೊತೆಗೆ ಕೊಟ್ಟದ್ದು ಮಾತ್ರ ಬೇರೆ ಬೇರೆ. ಬೆಳಿಗ್ಗೆ ನೀರಿನ ಜೊತೆ ನುಂಗಿದಾಗ ಎಷ್ಟು ಹೀರಿತೋ, ಕಾಫಿ ಜೊತೆ ನುಂಗಿದಾಗ ಅದಕ್ಕಿಂತ 54% ಕಡಿಮೆ. ಕಾಫಿ ಜೊತೆ ನಾಷ್ಟಾನೂ ಇದ್ರೆ 66% ಕಡಿಮೆ. 80 ಮಿಲಿಗ್ರಾಂ ವಿಟಮಿನ್ ಸಿ ಜೊತೆ ಕೊಟ್ಟಾಗ 30% ಹೆಚ್ಚು. ಅಂದ್ರೆ ಎಂಟುನೂರು ರೂಪಾಯಿ ಡಬ್ಬಿ ತಂದು ಕಾಫಿ ಜೊತೆ ನುಂಗಿದ್ರೆ ಅದರಲ್ಲಿ ಸುಮಾರು ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ. ಚಹಾದಲ್ಲೂ ಕಬ್ಬಿಣ ಹಿಡಿಯೋ ಅದೇ ಬಗೆಯ ಒಗರಿನ ಅಂಶ ಇದೆ.

ನಮ್ಮ ಕಡೆ ದಿನ ಹೆಂಗೆ ಶುರುವಾಗುತ್ತೆ ಹೇಳಿ? ಎದ್ದ ಕೂಡಲೇ ಚಹಾ. ನಾಷ್ಟಾ ಜೊತೆ ಇನ್ನೊಂದು ಚಹಾ. ಹೊಲದಿಂದ ಬಂದವರಿಗೆ ಚಹಾ, ಬೀಗರು ಬಂದ್ರೆ ಚಹಾ. ಮಧ್ಯಾಹ್ನ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೇಂಗಾ ಹಿಂಡಿ, ಮೊಸರು. ಊಟ ಚಲೋ ಊಟ, ಅದರಲ್ಲಿ ತಪ್ಪಿಲ್ಲ, ರೊಟ್ಟಿ ಬಿಡ್ರಿ ಅಂತ ನಾನು ಹೇಳೋದಿಲ್ಲ. ಆದ್ರೆ ಗುಳಿಗೆಗೆ ಈ ತಾಟಿನಲ್ಲಿ ಜಾಗ ಕಡಿಮೆ. ಜೋಳ-ಕಾಳಿನ ಫೈಟೇಟ್ ಒಂದು ಕಡೆ ಹಿಡಿಯುತ್ತೆ, ಮೊಸರಿನ ಕ್ಯಾಲ್ಸಿಯಂ ಇನ್ನೊಂದು ಕಡೆ. ಕಾಳನ್ನ ನೆನೆಸಿ ಮೊಳಕೆ ಬರಿಸಿದ್ರೆ ಫೈಟೇಟ್ ಇಳಿಯುತ್ತೆ, ಅದು ನಮ್ಮ ಅಡುಗೆಮನೆಗೆ ಗೊತ್ತಿರೋ ಕೆಲಸವೇ.

ಹಾಗಾಗಿ ಬೆಳಿಗ್ಗೆ ಎದ್ದು ನೀರಿನ ಜೊತೆ ಗುಳಿಗೆ, ಒಂದು ತಾಸು ಬಿಟ್ಟು ಚಹಾ. ಅದು ಆಗಲ್ಲ, ಖಾಲಿ ಹೊಟ್ಟೆಗೆ ವಾಂತಿ ಬಂದ ಹಾಗಾಗುತ್ತೆ ಅಂದ್ರೆ ರಾತ್ರಿ ಊಟ ಆಗಿ ಎರಡು ತಾಸಿಗೆ, ಮಲಗೋ ಮುಂಚೆ. ಅದೂ ಆಗಲ್ಲ ಅಂದ್ರೆ ಊಟದ ಜೊತೆಗೇ ತಗೊಳ್ಳಿ. ಸ್ವಲ್ಪ ಕಡಿಮೆ ಹತ್ತುತ್ತೆ, ಆದ್ರೆ ಕಸದ ಬುಟ್ಟಿಗೆ ಹೋದ ಗುಳಿಗೆ ಒಂದಿಷ್ಟೂ ಹತ್ತಲ್ಲ.

ಲಿಂಬೆಹಣ್ಣಿನ ವಿಷಯ ಎಲ್ಲರೂ ಹೇಳ್ತಾರೆ. ಒಂದು ಲಿಂಬೆಯಲ್ಲಿ ಆ 80 ಮಿಲಿಗ್ರಾಂ ವಿಟಮಿನ್ ಸಿ ಇರೋದಿಲ್ಲ, ಒಂದು ಪೇರಲ ಹಣ್ಣಿನಲ್ಲಿ ಧಾರಾಳವಾಗಿ ಇರುತ್ತೆ. ಹಾಗಂತ ವಿಟಮಿನ್ ಸಿ ಗುಳಿಗೆಗೆ ಬೇರೆ ದುಡ್ಡು ಹಾಕಬೇಡಿ. ಶಾಂಘೈನಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಹೀನತೆ ಇರುವವರಲ್ಲಿ ಕೆಲವರಿಗೆ ಬರೀ ಕಬ್ಬಿಣ, ಕೆಲವರಿಗೆ ಕಬ್ಬಿಣದ ಜೊತೆ ವಿಟಮಿನ್ ಸಿ ಕೊಟ್ಟು ನೋಡಿದ್ರು. ಎಚ್‌ಬಿ ಏರಿಕೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಪೇರಲ ಸೀಸನ್ನಿನಲ್ಲಿ ಪೇರಲ ತಿನ್ನಿ, ಸಾಕು.

ಇನ್ನೊಂದು ಕಳ್ಳ ಇದ್ದಾನೆ, ಅವನನ್ನ ಯಾರೂ ಹಿಡಿಯಲ್ಲ: ಗ್ಯಾಸಿನ ಗುಳಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಝೋಲ್ ನುಂಗೋದು ನಮ್ಮಲ್ಲಿ ಎಷ್ಟೋ ಮಂದಿಗೆ ಹಲ್ಲುಜ್ಜಿದಷ್ಟೇ ರೂಢಿ ಆಗಿದೆ. ಕಬ್ಬಿಣ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಅದನ್ನೇ ಈ ಗುಳಿಗೆ ಕಡಿಮೆ ಮಾಡುತ್ತೆ. ತಿಂಗಳುಗಟ್ಟಲೆ ತಗೊಳ್ತಿದ್ರೆ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಗುಳಿಗೆ ತಗೊಳ್ಳೋರು ಅದಕ್ಕೂ ಕಬ್ಬಿಣಕ್ಕೂ ನಾಲ್ಕು ತಾಸು ಅಂತರ ಇಡಬೇಕು.

ದಿನಾ ತಗೋಬೇಕೋ, ದಿನ ಬಿಟ್ಟು ದಿನವೋ? ಇದೂ ರೀಲ್ಸ್‌ನಲ್ಲಿ ಓಡ್ತಿದೆ. ಕಬ್ಬಿಣ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನು ಬಿಡುತ್ತೆ. ಅದು ಆ ಬಾಗಿಲಿನ ಕಾವಲುಗಾರ, 'ಸಾಕು ಬಂದದ್ದು' ಅಂತ ಒಂದು ದಿನದಷ್ಟು ಬಾಗಿಲು ಅರ್ಧ ಮುಚ್ಚುತ್ತೆ. 2017ರ ಜ್ಯೂರಿಚ್ ಅಧ್ಯಯನದಲ್ಲಿ 60 ಮಿಲಿಗ್ರಾಂ ಕಬ್ಬಿಣ ದಿನಾ ಕೊಟ್ಟಾಗ 16.3% ಹೀರಿದ್ರೆ, ದಿನ ಬಿಟ್ಟು ದಿನ ಕೊಟ್ಟಾಗ 21.8% ಹೀರಿತ್ತು. ಆದ್ರೆ ಅವರೆಲ್ಲ ಕಬ್ಬಿಣ ಕಡಿಮೆ ಇದ್ದವರು, ರಕ್ತಹೀನತೆ ಇನ್ನೂ ಬಂದಿರಲಿಲ್ಲ. ಚಂಡೀಗಢದ ಪಿಜಿಐನಲ್ಲಿ ರಕ್ತಹೀನತೆ ಇದ್ದವರ ಮೇಲೆ ಮಾಡಿ ನೋಡಿದಾಗ ದಿನಾ ತಗೊಂಡವರ ಎಚ್‌ಬಿ ಬೇಗ ಏರಿತು, ದಿನ ಬಿಟ್ಟು ತಗೊಂಡವರಿಗೆ ವಾಕರಿಕೆ ಕಡಿಮೆ ಇತ್ತು. ಅಂದ್ರೆ ನಮ್ಮ ತಂಗಿಗೆ ಮೊದಲ ದಾರಿ ದಿನಾ. ಹೊಟ್ಟೆ ಪೂರ್ತಿ ಕೈಕೊಟ್ರೆ, ಡಾಕ್ಟರನ್ನ ಕೇಳಿ ದಿನ ಬಿಟ್ಟು ದಿನ. ಗುಳಿಗೆ ಬಿಡೋದಕ್ಕಿಂತ ಅದು ಎಷ್ಟೋ ಪಾಲು ಮೇಲು.

ಈಗ ಅಕ್ಕನ ವಿಷಯ. ಗರ್ಭಿಣಿಗೆ ಸರ್ಕಾರದಿಂದ ಎರಡು ಥರ ಗುಳಿಗೆ ಬರುತ್ತೆ, ಕೆಂಪು ಕಬ್ಬಿಣದ್ದು ಮತ್ತು ಕ್ಯಾಲ್ಸಿಯಂ. ಕ್ಯಾಲ್ಸಿಯಂ 500 ಮಿಲಿಗ್ರಾಂನದು, ದಿನಕ್ಕೆ ಎರಡು. ಎಷ್ಟೋ ಮನೆಗಳಲ್ಲಿ ಮರೀಬಾರದು ಅಂತ ಎಲ್ಲಾ ಒಂದೇ ಸಲ ಬಾಯಿಗೆ ಹಾಕಿಸ್ತಾರೆ, ಮೇಲೆ ಒಂದು ಲೋಟ ಹಾಲು. ಪ್ರೀತಿಯಿಂದ ಮಾಡೋದೇ, ಆದ್ರೆ ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಂದೇ ಹೊತ್ತಿಗೆ ಹೋದ್ರೆ ಕಬ್ಬಿಣ ಹಿಂದೆ ಬೀಳುತ್ತೆ. ಸರ್ಕಾರದ ಮಾರ್ಗಸೂಚಿಯೇ ಹೇಳೋ ಪ್ರಕಾರ ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಊಟ ಆಗಿ ಎರಡು ತಾಸಿಗೆ. ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಊಟದ ಜೊತೆಯೇ ಬೇಕು, ಆಮ್ಲ ಇದ್ರೆ ಅದು ಚೆನ್ನಾಗಿ ಕರಗುತ್ತೆ. ಕ್ಯಾಲ್ಸಿಯಂ ಸಿಟ್ರೇಟ್ ಆದ್ರೆ ಯಾವಾಗ ಬೇಕಾದ್ರೂ ಸರಿ, ಆದ್ರೆ ದುಬಾರಿ.

ಅಕ್ಕನಿಗೂ ಎಂಟುನೂರರ ಡಬ್ಬಿ ಬೇಡ. ಅವಳಿಗೆ ಬೇಕಿರೋದು ಎಚ್‌ಬಿ ಪರೀಕ್ಷೆ. ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಗುಳಿಗೆ ಹಿಡಿಯದಿದ್ರೆ, ದಿನ ತುಂಬೋಕೆ ಹೆಚ್ಚು ಸಮಯ ಉಳಿದಿಲ್ಲದಿದ್ರೆ, ಆಸ್ಪತ್ರೆಯಲ್ಲಿ ಕಬ್ಬಿಣವನ್ನ ಸಲೈನ್ ಥರ ನೇರ ರಕ್ತನಾಳಕ್ಕೇ ಕೊಡ್ತಾರೆ. ಅಲ್ಲಿ ಕರುಳಿನ ಬಾಗಿಲಿನ ಹಂಗೇ ಇಲ್ಲ. ಇದನ್ನ ಗುಳಿಗೆ ಜೊತೆ ಹೋಲಿಸಿ ನೋಡಿದ ದೊಡ್ಡ ಅಧ್ಯಯನ ಒಂದನ್ನ ನಡೆಸಿದ್ದು ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಜೊತೆ ಸೇರಿ, ಕರ್ನಾಟಕ ಮತ್ತು ರಾಜಸ್ಥಾನದ ಗರ್ಭಿಣಿಯರಲ್ಲಿ.

ನಡುವೆ ಒಂದು ಮಾತು. ಮೆಗ್ನೀಸಿಯಂ ಬಗ್ಗೆಯೂ ಬಹಳ ಜನ ಕೇಳ್ತಿರ್ತೀರಿ, ಜಿಮ್ ಹುಡುಗರು ಮುಖ್ಯವಾಗಿ. ಅಲ್ಲಿ ಲೆಕ್ಕ ಉಲ್ಟಾ, ರೂಪ ನಿಜಕ್ಕೂ ಮುಖ್ಯ. ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ತೂಕದ 60% ಮೆಗ್ನೀಸಿಯಂ ಇದೆ, ಆದ್ರೆ ಅದು ಸರಿಯಾಗಿ ಕರಗಲ್ಲ, ಹತ್ತೋದು ಕಡಿಮೆ, ಭೇದಿ ಹೆಚ್ಚು. ಸಿಟ್ರೇಟ್‌ನಲ್ಲಿ 16% ಅಷ್ಟೇ ಇದ್ರೂ ಹೀರಿಕೆ ಉತ್ತಮ. ಒಂದು ಖನಿಜದಲ್ಲಿ ನಿಜವಾದದ್ದನ್ನ ಇನ್ನೊಂದಕ್ಕೆ ಅಂಟಿಸೋದೇ ರೀಲ್ಸ್‌ಗಳ ಕೆಲಸ.

ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಬೇಯಿಸಿದ್ರೆ ಕಬ್ಬಿಣ ಸಿಗಲ್ವಾ ಅಂತ ಯಾರಾದರೂ ಕೇಳೇ ಕೇಳ್ತೀರಿ. ಒಣ ರೊಟ್ಟಿಗೆ ಹತ್ತೋದು ಅಲ್ಪ. ನೀರು ಮತ್ತು ಹುಳಿ ಇದ್ರೆ ಕಬ್ಬಿಣ ಹೆಚ್ಚು ಬಿಡುತ್ತೆ. ಪುಂಡಿಪಲ್ಯವನ್ನ ಕಬ್ಬಿಣದ ಬುಟ್ಟಿಯಲ್ಲಿ ಕುದಿಸಿದ್ರೆ ಲಾಭ ಇದೆ. ಅದರಿಂದ ಒಂಬತ್ತೂವರೆ ಹನ್ನೆರಡು ಆಗೋದಿಲ್ಲ, ಹನ್ನೆರಡು ಆದ ಮೇಲೆ ಉಳಿಸಿಕೊಳ್ಳೋಕೆ ಸಹಾಯ ಆಗುತ್ತೆ.

ಒಂದು ಎಚ್ಚರಿಕೆ, ಇದನ್ನ ಮಾತ್ರ ಸ್ಕಿಪ್ ಮಾಡಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಈ ಗುಳಿಗೆಗಳು ಕೈಗೆ ಸಿಗಬಾರದು. ಬಣ್ಣ ಇದೆ, ನುಣುಪಾಗಿದೆ, ಪೆಪ್ಪರ್‌ಮೆಂಟ್ ಥರ ಕಾಣುತ್ತೆ. ಹತ್ತು ಕಿಲೋ ತೂಕದ ಮಗುವಿಗೆ ನಾಲ್ಕು ಗುಳಿಗೆಯೇ ವಿಷ ಆಗೋ ಮಟ್ಟ, ಹತ್ತು ಗುಳಿಗೆ ಪ್ರಾಣಕ್ಕೇ ಅಪಾಯ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ, ಖಾಲಿ ಪಟ್ಟಿ ಕೈಯಲ್ಲಿ ಹಿಡಕೊಂಡೇ ಆಸ್ಪತ್ರೆಗೆ ಓಡಿ.

ಸಿರಸಂಗಿ ತಂಗಿ, ಈಗ ನಿನಗೆ. ಬಿಟ್ಟ ನೀಲಿ ಗುಳಿಗೆ ಇನ್ನೂ ಮನೆಯಲ್ಲಿದ್ರೆ ತಾರೀಕು ನೋಡಿ ಮತ್ತೆ ಶುರು ಮಾಡು. ಎರಡನ್ನೂ ಒಟ್ಟಿಗೆ ನುಂಗೋದು ಕಷ್ಟ ಆಗಿದ್ರೆ, ಮೊದಲ ವಾರ ರಾತ್ರಿ ಒಂದೇ ತಗೊಂಡು, ಹೊಟ್ಟೆ ಒಗ್ಗಿದ ಮೇಲೆ ಎರಡಕ್ಕೆ ಬರಬಹುದಾ ಅಂತ ನಿಮ್ಮ ಆಶಾ ಅಕ್ಕಾರನ್ನೋ ಆರೋಗ್ಯ ಕೇಂದ್ರದ ಡಾಕ್ಟರನ್ನೋ ಕೇಳು. ಆರು ತಿಂಗಳಲ್ಲಿ ಜಂತುಹುಳದ ಗುಳಿಗೆ ತಗೊಂಡಿಲ್ಲ ಅಂದ್ರೆ ಅದನ್ನೂ ಕೇಳು, ಕೊಕ್ಕೆಹುಳ ಇದ್ರೆ ಒಂದು ಕಡೆ ತುಂಬ್ತಾ ಇನ್ನೊಂದು ಕಡೆ ಸೋರ್ತಿರುತ್ತೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದ್ರೆ ನಾಚಿಕೆ ಬಿಟ್ಟು ಹೇಳು. ಒಂದು ತಿಂಗಳಾದ ಮೇಲೆ ಎಚ್‌ಬಿ ಮತ್ತೆ ಮಾಡಿಸು. ಕನಿಷ್ಠ ಒಂದು ಗ್ರಾಂ ಏರಿರಬೇಕು. ಏರಿಲ್ಲ ಅಂದ್ರೆ ಆಗ ಗುಳಿಗೆಯ ಹೆಸರು ಬದಲಿಸೋದಲ್ಲ, ಕಾರಣ ಹುಡುಕಿಸಬೇಕು: ಬಿ12 ಕಡಿಮೆ ಇರಬಹುದು, ಥಲಸ್ಸೀಮಿಯಾ ಇರಬಹುದು. ಏರಿದ್ರೆ, ಹನ್ನೆರಡು ಮುಟ್ಟಿದ ಕೂಡಲೇ ನಿಲ್ಲಿಸಬೇಡ. ರಕ್ತ ತುಂಬಿದ ಮೇಲೂ ಮೈಯ ಉಗ್ರಾಣ ತುಂಬೋಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಎಷ್ಟು ದಿನ ಅನ್ನೋದನ್ನ ಅವರೇ ಹೇಳ್ತಾರೆ.

ಅಪ್ಪನ ಹತ್ತಿರ ಎಂಟುನೂರು ಕೇಳೋದು ಸದ್ಯಕ್ಕೆ ಬೇಡ. ತಿಂಗಳ ನಂತರದ ರಿಪೋರ್ಟ್ ಬಂದ ದಿನ ಇನ್ನೊಂದು ವಾಯ್ಸ್ ನೋಟ್ ಕಳಿಸು. ಅಕ್ಕನ ಎಚ್‌ಬಿ ಎಷ್ಟು ಬಂತು ಅಂತಾನೂ ಹೇಳು.